ತ್ರಿಯೇಕತ್ವದ ಕಲ್ಪನೆ ಮತ್ತು ಸಭಾಜೀವನ: ಕವಿತಾಳ–ಮಾನ್ವಿ ಸೀಮೆಯ ಹಿನ್ನೆಲೆಯಲ್ಲಿ

ಕವಿತಾಳ, ಮಾನ್ವಿ, ದೇವದುರ್ಗಗಳನ್ನೊಳಗೊಂಡ ಸೀಮೆಯು ಕೃಷ್ಣಾ–ತುಂಗಭದ್ರಾ ನದಿಗಳ ನಡುವಣ ದೋಆಬ್ ಪ್ರದೇಶ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನ, ಶರಣರ ಮಠಗಳು, ಸೂಫಿ ದರ್ಗಾಗಳು, ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ ಇವೆಲ್ಲ ಈ ನೆಲದ ಧಾರ್ಮಿಕ ಸಂವಾದದ ಕುರುಹುಗಳು. ಇಂತಹ ನೆಲದಲ್ಲಿ ಕ್ರೈಸ್ತ ಧರ್ಮದ ಅತ್ಯಂತ ಜಟಿಲ ಸಿದ್ಧಾಂತವಾದ ತ್ರಿಯೇಕತ್ವವು ಕನ್ನಡದ ಮಾತನ್ನು ಹೇಗೆ ಪಡೆಯಿತು, ಆ ಮಾತು ಸಭೆಯ ಬದುಕಿನಿಂದ ಏನನ್ನು ಬೇಡಿತು ಎಂಬುದು ಪರಿಶೀಲನಾರ್ಹವಾದ ವಿಷಯ.

ಈ ಸಿದ್ಧಾಂತ ರೂಪುಗೊಂಡದ್ದು ವಿವಾದದ ನಡುವೆ. ಅಲೆಕ್ಸಾಂಡ್ರಿಯದ ಆರಿಯಸನು ಮಗನು ತಂದೆಯಿಂದ ಸೃಷ್ಟಿಗೊಂಡವನು, ಆದ್ದರಿಂದ ಕೆಳಗಿನವನು ಎಂದು ವಾದಿಸಿದನು. ಕ್ರಿ.ಶ. 325ರಲ್ಲಿ ಸೇರಿದ ನೈಸೀಯ ಪರಿಷತ್ತು ಇದನ್ನು ತಿರಸ್ಕರಿಸಿ, ಮಗನು ತಂದೆಯೊಡನೆ ಏಕಸತ್ತ್ವನೆಂದು ಸಾರಿತು. 381ರ ಕಾನ್‌ಸ್ಟಾಂಟಿನೋಪಲ್ ಪರಿಷತ್ತು ಪವಿತ್ರಾತ್ಮನಿಗೂ ಸಮಾನ ಆರಾಧನೆ ಸಲ್ಲತಕ್ಕದ್ದೆಂದಿತು. ಮೂವರಲ್ಲಿ ಮೇಲುಕೀಳಿಲ್ಲ, ಆದರೂ ಒಬ್ಬರು ಇನ್ನೊಬ್ಬರಲ್ಲಿ ಕರಗಿಹೋಗುವುದಿಲ್ಲ ಎಂಬುದೇ ಇದರ ತಿರುಳು.

ಈ ತಿರುಳನ್ನು ಕನ್ನಡಕ್ಕೆ ತರುವುದು ಸುಲಭವಾಗಿರಲಿಲ್ಲ. ತ್ರಿಮೂರ್ತಿ ಎಂಬ ಸಿದ್ಧಪದ ಕೈಗೆಟುಕುವಂತಿತ್ತು. ಆದರೆ ಸೃಷ್ಟಿ, ಸ್ಥಿತಿ, ಲಯಗಳನ್ನು ಮೂವರಿಗೆ ಹಂಚುವ ಆ ಕಲ್ಪನೆ ಇಲ್ಲಿ ಹೊಂದುತ್ತಿರಲಿಲ್ಲ. ಗುರು–ಲಿಂಗ–ಜಂಗಮರ ಅಭೇದವನ್ನು ಅರಿತಿದ್ದ ವೀರಶೈವ ಪರಿಸರಕ್ಕೆ ‘ಮೂರು ಒಂದೇ’ ಎಂಬ ಮಾತು ಅಪರಿಚಿತವಲ್ಲ. ದೇವತಾ ತಾರತಮ್ಯವನ್ನು ಒಪ್ಪಿದ ದಾಸಪರಂಪರೆಗೆ ಮೂವರ ಸಮಾನತೆ ಹೊಸದು. ತೌಹೀದನ್ನು ಸಾರುವ ಮುಸ್ಲಿಮರಿಗೆ ಅದು ಆಕ್ಷೇಪಾರ್ಹ. ಕನ್ನಡದ ವ್ಯಾಕರಣವೂ ಒಂದು ಪ್ರಶ್ನೆಯನ್ನೊಡ್ಡುತ್ತದೆ. ‘ಮೂರು’ ಎಂದರೆ ವಸ್ತುಗಳು, ‘ಮೂವರು’ ಎಂದರೆ ವ್ಯಕ್ತಿಗಳು. ಹಾಗಾಗಿ ‘ಮೂವರು ವ್ಯಕ್ತಿಗಳು, ಒಂದೇ ಸತ್ತ್ವ’ ಎಂದು ಬಿಡಿಸಿ ಹೇಳುವುದು ಅನಿವಾರ್ಯವಾಯಿತು. ಪ್ರೊಟೆಸ್ಟಂಟರಲ್ಲಿ ‘ತಂದೆ, ಮಗ, ಪವಿತ್ರಾತ್ಮ’ ಎಂಬ ರೂಪವೂ ಕಥೋಲಿಕರಲ್ಲಿ ‘ಪಿತ, ಸುತ, ಪವಿತ್ರಾತ್ಮ’ ಎಂಬ ರೂಪವೂ ಬಳಕೆಗೆ ಬಂದವು.

ಈ ಭಾಷೆ ಅನೇಕ ಕೈಗಳಲ್ಲಿ ಹದಗೊಂಡಿತು. ಮುದಗಲ್ಲಿನ ಕಥೋಲಿಕ ಸಮುದಾಯದ ಪರಂಪರೆ ಆದಿಲ್‌ಶಾಹಿ ಕಾಲದಷ್ಟು ಹಳೆಯದು. ಬಳ್ಳಾರಿಯಲ್ಲಿ 1810ರಿಂದ ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರ ವೇಳೆಗೆ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಮುದ್ರಣಗೊಂಡಿತು. ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು, ಯಾದಗಿರಿ, ಬೀದರ ಕಡೆಗಳಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನ್ ಸಭೆಗಳನ್ನು ಕಟ್ಟಿತು.

ಈ ಭಾಗದ ಗ್ರಾಮೀಣ ಸಭೆಗಳಿಗೆ ಸೇರಿದವರಲ್ಲಿ ಬಹುಪಾಲು ದಲಿತ ಸಮುದಾಯಗಳವರು. ಊರ ಬಾವಿಯ ನೀರು ದೊರೆಯದ ಕೇರಿಯ ಜನರಿಗೆ ಒಂದೇ ರೊಟ್ಟಿ, ಒಂದೇ ಪಾತ್ರೆಯ ಕರ್ತನ ಭೋಜನ ಕೇವಲ ವಿಧಿಯಾಗಿರಲಿಲ್ಲ. ದೀಕ್ಷಾಸ್ನಾನವು ತ್ರಿಯೇಕ ದೇವರ ಹೆಸರಿನಲ್ಲಿ ನಡೆಯುತ್ತದೆ. ಆರಾಧನೆಯ ಕೊನೆಯ ಆಶೀರ್ವಾದವೂ ಮೂವರನ್ನು ಹೆಸರಿಸಿ, ಪವಿತ್ರಾತ್ಮನ ‘ಅನ್ಯೋನ್ಯತೆ’ಯನ್ನು ಕೋರುತ್ತದೆ. ಈ ಪದ ಗಮನಾರ್ಹ. ‘ಅನ್ಯ’ ಎಂಬ ಶಬ್ದವೇ ಎರಡು ಬಾರಿ ಸೇರಿ ಅದು ಹುಟ್ಟಿದೆ. ಅನ್ಯನು ಅನ್ಯನಾಗಿಯೇ ಉಳಿದು ಒಂದಾಗುವುದೇ ಅದರ ಅರ್ಥ. ನೈಸೀಯದ ಚರ್ಚೆ ಗ್ರೀಕಿನಲ್ಲಿ ಹುಡುಕಿದ್ದನ್ನು ಈ ಒಂದು ಪದ ಕನ್ನಡದ ವಿಶ್ವಾಸಿಗೆ ಪ್ರತಿ ಭಾನುವಾರ ಒದಗಿಸುತ್ತದೆ.

ಆದರೆ ಆದರ್ಶಕ್ಕೂ ಆಚರಣೆಗೂ ಅಂತರವಿದ್ದುದನ್ನು ಅಲ್ಲಗಳೆಯಲಾಗದು. ದಕ್ಷಿಣ ಭಾರತದ ಅನೇಕ ಸಭೆಗಳಲ್ಲಿ ಜಾತಿಯ ಗೆರೆಗಳು ಮದುವೆಯಲ್ಲೂ ಸ್ಮಶಾನದಲ್ಲೂ ಉಳಿದುಬಂದವು. 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನ ದೊರೆಯಲಿಲ್ಲ; 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಲ್ಪಟ್ಟಿತು. ಹೀಗೆ ಕೇರಿಯ ಕ್ರೈಸ್ತನು ಊರಿನ ಕಣ್ಣಿಗೆ ಹಿಂದಿನ ಜಾತಿಯವನು, ಕಾನೂನಿನ ಕಣ್ಣಿಗೆ ಅಲ್ಲದವನು. ಈ ಇಕ್ಕಟ್ಟಿನಲ್ಲಿ ಅವನನ್ನು ಅವನಾಗಿಯೇ ಗುರುತಿಸಬೇಕಾದ ಹೊಣೆ ಸಭೆಯದು.

ತ್ರಿಯೇಕತ್ವವು ತರ್ಕದ ಒಗಟಲ್ಲ, ಸಮಾನರ ಸಹವಾಸದ ವ್ಯಾಖ್ಯಾನ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ದೇವರಲ್ಲಿಯೇ ಮೇಲುಕೀಳಿಲ್ಲವೆಂದು ಒಪ್ಪಿದ ಸಭೆಯು ತನ್ನ ಪಂಕ್ತಿಯಲ್ಲಿ ಮೇಲುಕೀಳನ್ನು ಉಳಿಸಿಕೊಂಡರೆ, ಬಾಯಲ್ಲಿ ನೈಸೀಯವನ್ನು ಹೇಳಿ ಬಾಳಿನಲ್ಲಿ ಆರಿಯಸನನ್ನು ಒಪ್ಪಿದಂತಾಗುತ್ತದೆ.