ಗುಲ್ಮದ ಗುಟ್ಟು

ಹೊಟ್ಟೆಯ ಎಡಮಗ್ಗುಲಲ್ಲಿ, ಜಠರಕ್ಕೆ ಒತ್ತಿಕೊಂಡಿರುವ ಗುಲ್ಮವೆಂಬ ಅವಯವದ ಕೆಲಸವೇನು? ಬಹುಕಾಲ ವೈದ್ಯರನ್ನು ಕಾಡಿದ ಪ್ರಶ್ನೆಯಿದು. ನಮ್ಮ ಚರಕಸಂಹಿತೆಯು ಯಕೃತ್ತು ಪ್ಲೀಹಗಳನ್ನು ರಕ್ತವಾಹಿ ಸ್ರೋತಸ್ಸುಗಳ ಮೂಲವೆಂದು ಕರೆಯಿತು. ಗ್ರೀಕ್ ವೈದ್ಯ ಗ್ಯಾಲೆನನು ಅದನ್ನು ಕರಿಪಿತ್ತಕ್ಕೆ ಸಂಬಂಧಿಸಿದ ಅಂಗವೆಂದು ಬಗೆದನು. ಗುಲ್ಮವನ್ನು ತೆಗೆದುಹಾಕಿದರೂ ಪ್ರಾಣಿ ಬದುಕುವುದನ್ನು ಕಂಡವರಲ್ಲಿ ಇದು ನಿರುಪಯುಕ್ತವೆಂದವರೂ ಉಂಟು.

ಈ ಗಂಟು ಸಡಿಲವಾಗತೊಡಗಿದ್ದು ಒಂದು ಸಮುದ್ರಯಾನದಲ್ಲಿ. ತೆಳುವಾದ ಗಾಳಿಯಲ್ಲಿ ರಕ್ತದ ವರ್ತನೆಯನ್ನು ಅರಿಯಲೆಂದು ಕೇಂಬ್ರಿಜ್ಜಿನ ಶರೀರವಿಜ್ಞಾನಿ ಜೋಸೆಫ್ ಬಾರ್‌ಕ್ರಾಫ್ಟರು 1921-22ರ ಚಳಿಗಾಲದಲ್ಲಿ ಸಂಗಡಿಗರೊಡನೆ ಪೆರು ದೇಶದ ಸೆರೊ ದೆ ಪಾಸ್ಕೊ ಎಂಬ ಊರಿಗೆ ಹೊರಟರು. ಅದು 14,000 ಅಡಿಗೂ ಮೀರಿದ ಎತ್ತರದಲ್ಲಿದೆ. ಹಡಗು ಉಷ್ಣವಲಯವನ್ನು ಹೊಕ್ಕಾಗ ಅವರ ದೇಹದಲ್ಲಿ ಸುತ್ತುವ ರಕ್ತದ ಪ್ರಮಾಣವೇ ಹೆಚ್ಚಿದುದು ಕಂಡುಬಂತು. ಹಾಗಾದರೆ ಕೂಡಿಟ್ಟ ರಕ್ತವೊಂದು ಎಲ್ಲಿಯೋ ಇರಬೇಕಲ್ಲವೆ?

ಊರಿಗೆ ಮರಳಿದ ಬಾರ್‌ಕ್ರಾಫ್ಟರು ಪ್ರಾಣಿಗಳಿಗೆ ಅಲ್ಪ ಪ್ರಮಾಣದ ಕಾರ್ಬನ್ ಮಾನಾಕ್ಸೈಡನ್ನು ಉಸಿರಾಡಿಸಿ ನೋಡಿದರು. ಸುತ್ತುವ ರಕ್ತವು ಆ ಅನಿಲವನ್ನು ಹಿಡಿದುಕೊಂಡರೂ, ವಿಶ್ರಾಂತಿಯಲ್ಲಿದ್ದ ಪ್ರಾಣಿಯ ಗುಲ್ಮದೊಳಗಿನ ರಕ್ತ ಬಹುಮಟ್ಟಿಗೆ ಮುಕ್ತವಾಗಿಯೇ ಉಳಿದಿತ್ತು. ಅಂದರೆ ಅದು ಪ್ರವಾಹದಿಂದ ಬೇರೆಯಾಗಿ ನಿಂತ ರಕ್ತ. ಈ ಫಲಿತಾಂಶ 1923ರಲ್ಲಿ ಪ್ರಕಟವಾಯಿತು. ಓಟದಲ್ಲಿಯೂ ಉದ್ವೇಗದಲ್ಲಿಯೂ ಗುಲ್ಮ ಕುಗ್ಗುವುದನ್ನು ಅವರು ಮುಂದೆ ತೋರಿಸಿದರು. ಸುಗ್ಗಿಯಲ್ಲಿ ಹಗೇವಿಗೆ ತುಂಬಿದ ಕಾಳು ಬರಗಾಲದಲ್ಲಿ ಹೊರಬರುವಂತೆ, ಕೂಡಿಟ್ಟ ಕೆಂಪುಕಣಗಳು ಆಪತ್ತಿನಲ್ಲಿ ಹೊರಬರುತ್ತವೆ. ಅಮೆರಿಕೆಯಲ್ಲಿ ಕ್ಯಾನನ್ ಮತ್ತು ಇಸ್ಕಿಯೆರ್ದೊ ಎಂಬುವರು 1928ರಲ್ಲಿ, ಉದ್ವೇಗಗೊಂಡ ಪ್ರಾಣಿಯ ರಕ್ತದಲ್ಲಿ ಕೆಂಪುಕಣಗಳು ಹೆಚ್ಚುವುದಕ್ಕೆ ನರಗಳ ಮತ್ತು ಅಡ್ರಿನಲ್ ಗ್ರಂಥಿಯ ಪ್ರೇರಣೆಯಿಂದ ಗುಲ್ಮ ಹಿಂಡಿಕೊಳ್ಳುವುದೇ ಕಾರಣವೆಂದು ವಿವರಿಸಿದರು.

ಕುರಿಯ ಸರದಿ ಬಂದದ್ದು 1959ರಲ್ಲಿ. ಆಸ್ಟ್ರೇಲಿಯದ ಟರ್ನರ್ ಮತ್ತು ಹಾಜೆಟ್ಸರು ಕುರಿಗಳ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು ಅಳೆದಾಗ, ಕೆಂಪುಕಣಗಳ ಪಾಲು ಒಂದೇ ಕುರಿಯಲ್ಲಿಯೂ ಸ್ಥಿರವಾಗಿರಲಿಲ್ಲ. ಬೆದರಿದ ಕುರಿಯಲ್ಲಿ ಏರುತ್ತಿತ್ತು. ಶಾಂತವಾದ ಮೇಲೆ ಇಳಿಯುತ್ತಿತ್ತು. ಈ ಏರಿಳಿತಕ್ಕೆ ಗುಲ್ಮವೇ ಕಾರಣವೆಂದು ಅವರು ಸ್ಥಾಪಿಸಿದರು. ಕುರಿಯ ಗುಲ್ಮದ ಕವಚದಲ್ಲಿ ಸ್ನಾಯುತಂತುಗಳು ಹೇರಳವಾಗಿವೆ. ಮೈಯ ಕೆಂಪುಕಣಗಳಲ್ಲಿ ಸುಮಾರು ಕಾಲುಪಾಲನ್ನು ಅದು ಹಿಡಿದಿಡಬಲ್ಲದು. ಮನುಷ್ಯನ ಗುಲ್ಮಕ್ಕೆ ಈ ಶಕ್ತಿ ತೀರ ಅಲ್ಪ.

ಇದು ಕೇವಲ ಪಂಡಿತರ ಕುತೂಹಲವಲ್ಲ. ಹೊಟ್ಟೆಹುಳುವಿನಿಂದ ರಕ್ತಹೀನವಾದ ಕುರಿಯನ್ನು ಅಟ್ಟಿ ಹಿಡಿದು, ಆ ಗಾಬರಿಯಲ್ಲಿಯೇ ರಕ್ತ ತೆಗೆದರೆ, ಗುಲ್ಮ ಸುರಿದ ಕಣಗಳು ಅದರ ಕೊರತೆಯನ್ನು ಮರೆಮಾಚಬಹುದು. ಚಿಕಿತ್ಸೆ ತಡವಾಗಿ ಕುರಿಯೇ ಕೈಬಿಟ್ಟುಹೋಗಬಹುದು. ರಕ್ತವನ್ನು ಪರೀಕ್ಷಿಸುವವರು ಮೊದಲು ಕುರಿಯನ್ನು ಸಮಾಧಾನಪಡಿಸಬೇಕೆಂಬುದೇ ಈ ಇತಿಹಾಸದ ಫಲಶ್ರುತಿ.