ಪಂಚಶೀಲ: ಐದು ವ್ರತ, ಆರು ಕಣಿವೆ

ಕನ್ನಡ ಪತ್ರಿಕೆಗಳಲ್ಲಿ ‘ಶೀಲ’ ಎಂಬ ಪದ ಈಗ ಹೆಚ್ಚಾಗಿ ಕಣ್ಣಿಗೆ ಬೀಳುವುದು ಅಪರಾಧ ಸುದ್ದಿಯ ಪುಟದಲ್ಲಿ. ‘ಶೀಲ ಶಂಕಿಸಿ ಪತ್ನಿಯ ಕೊಲೆ’ ಎಂಬ ತಲೆಬರಹ ಓದಿ ಓದಿ, ಶೀಲವೆಂದರೆ ಹೆಂಗಸರಿಗಷ್ಟೇ ಇರಬೇಕಾದ, ಗಂಡಸರಷ್ಟೇ ಅನುಮಾನಿಸಬಹುದಾದ ಏನೋ ಒಂದು ಎಂಬಂತಾಗಿದೆ. ಮೂಲದಲ್ಲಿ ಅದರ ಹರವು ದೊಡ್ಡದು. ಸಂಸ್ಕೃತದಲ್ಲಿ ಶೀಲವೆಂದರೆ ಸ್ವಭಾವ, ನಡತೆ, ರೂಢಿ. ವಿನಯಶೀಲ, ಚಿಂತನಶೀಲ, ಅಭಿವೃದ್ಧಿಶೀಲ ಎನ್ನುವಾಗ ಆ ಹಳೆಯ ಅರ್ಥವೇ ನಮ್ಮ ಬಾಯಲ್ಲಿರುತ್ತದೆ. ವಚನಕಾರರಿಗೆ ಶೀಲವೆಂದರೆ ಹಿಡಿದ ವ್ರತ, ನೇಮ, ಹಿಡಿದವನು ಶೀಲವಂತ. ಶೀಲದ ಸೋಗು ಹಾಕುವವರನ್ನು ಅವರು ಮುಲಾಜಿಲ್ಲದೆ ಜಾಡಿಸಿದ್ದಾರೆ.

ಈ ಶೀಲಕ್ಕೆ ‘ಪಂಚ’ ಸೇರಿದ್ದು ಬೌದ್ಧರಲ್ಲಿ. ಕೊಲ್ಲುವುದಿಲ್ಲ, ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲ, ಕಾಮದಲ್ಲಿ ತಪ್ಪು ನಡೆಯುವುದಿಲ್ಲ, ಸುಳ್ಳಾಡುವುದಿಲ್ಲ, ಮದ್ಯ ಮುಟ್ಟುವುದಿಲ್ಲ. ಪಾಲಿಯಲ್ಲಿ ಈ ಐದೂ ಸಾಲುಗಳು ‘ಸಮಾದಿಯಾಮಿ’ ಎಂದು ಮುಗಿಯುತ್ತವೆ. ‘ನಾನು ಕೈಗೊಳ್ಳುತ್ತೇನೆ’ ಎಂದರ್ಥ. ಉತ್ತಮಪುರುಷ, ಏಕವಚನ. ನೀನು ಕೊಲ್ಲದಿದ್ದರೆ ನಾನೂ ಕೊಲ್ಲುವುದಿಲ್ಲ ಎಂಬ ಷರತ್ತಿಗೆ ಅಲ್ಲಿ ಜಾಗವಿಲ್ಲ. ಈ ವ್ಯಾಕರಣವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪದ ಕಡಲು ದಾಟಿ ಜಾವಾಕ್ಕೂ ಹೋಯಿತು. 14ನೇ ಶತಮಾನದ ಮಜಾಪಾಹಿತ್ ಅರಸರ ಕಾಲದ ‘ನಾಗರಕೃತಾಗಮ’ ಕಾವ್ಯದಲ್ಲಿ ಅದು ಸಿಗುತ್ತದೆ. 1945ರ ಜೂನ್ 1ರಂದು ಸುಕಾರ್ನೊ ಹುಟ್ಟಲಿದ್ದ ಇಂಡೋನೇಷ್ಯಾಕ್ಕೆ ಐದು ಬುನಾದಿಗಳನ್ನು ಸೂಚಿಸಿ, ಭಾಷೆ ಬಲ್ಲ ಗೆಳೆಯನೊಬ್ಬನ ಸಲಹೆಯಂತೆ ಅವುಗಳಿಗೆ ‘ಪಂಚಸೀಲ’ ಎಂದು ಹೆಸರಿಟ್ಟರು. ಬೌದ್ಧ ವ್ರತದ ಹೆಸರು, ಮುಸ್ಲಿಂ ಬಹುಸಂಖ್ಯಾತರ ದೇಶ. ಅಲ್ಲಿ ಇಂದಿಗೂ ರಾಷ್ಟ್ರದ ಅಡಿಪಾಯವೆಂದರೆ ಅದೇ.

ಇನ್ನು ಚೀನಾದ ಕಡೆಗೆ. 1953ರ ಡಿಸೆಂಬರ್ 31ರಂದು ಟಿಬೆಟ್ ಕುರಿತ ಮಾತುಕತೆಗೆ ಬೀಜಿಂಗಿಗೆ ಬಂದಿದ್ದ ಭಾರತದ ನಿಯೋಗದ ಮುಂದೆ ಚೀನಾದ ಪ್ರಧಾನಿ ಚೌ ಎನ್-ಲಾಯ್ ಐದು ತತ್ವಗಳನ್ನಿಟ್ಟರು. ನಾಲ್ಕು ತಿಂಗಳ ಚೌಕಾಸಿಯ ನಂತರ, 1954ರ ಏಪ್ರಿಲ್ 29ರಂದು, ನಮ್ಮ ರಾಯಭಾರಿ ಎನ್. ರಾಘವನ್ ಮತ್ತು ಚೀನಾದ ವಿದೇಶಾಂಗ ಉಪಸಚಿವ ಚಾಂಗ್ ಹಾನ್-ಫು ಒಪ್ಪಂದಕ್ಕೆ ಸಹಿ ಹಾಕಿದರು. ಹೆಸರು ಬಹಳ ಸಾದಾ: ಚೀನಾದ ಟಿಬೆಟ್ ಪ್ರದೇಶ ಮತ್ತು ಭಾರತದ ನಡುವಣ ವ್ಯಾಪಾರ ಹಾಗೂ ಸಂಪರ್ಕದ ಒಪ್ಪಂದ. ಆದರೆ ‘ಚೀನಾದ ಟಿಬೆಟ್ ಪ್ರದೇಶ’ ಎಂದು ಬರೆದಾಗಲೇ ಮುಖ್ಯ ಪ್ರಶ್ನೆಯೊಂದು ತೀರ್ಮಾನವಾಗಿಹೋಗಿತ್ತು. ಬ್ರಿಟಿಷರ ಕಾಲದಿಂದ ಬಂದ ಹಕ್ಕುಗಳನ್ನೂ ಭಾರತ ಬಿಟ್ಟುಕೊಟ್ಟಿತು. ಯಾಟುಂಗ್ ಮತ್ತು ಗ್ಯಾಂಟ್ಸೆಯಲ್ಲಿದ್ದ ಸೈನಿಕರು ಆರು ತಿಂಗಳಲ್ಲಿ ಹಿಂದೆ ಬರಬೇಕು. ಅಂಚೆ-ತಂತಿ ವ್ಯವಸ್ಥೆ, 12 ತಂಗುದಾಣಗಳು ಚೀನಾಕ್ಕೆ ಸೇರಬೇಕು. ವರ್ತಕರೂ ಯಾತ್ರಿಕರೂ ಓಡಾಡಲು ಶಿಪ್ಕಿ, ಮಾನಾ, ನೀತಿ, ಕುಂಗ್ರಿ ಬಿಂಗ್ರಿ, ದಾರ್ಮಾ, ಲಿಪುಲೇಖ್ ಎಂಬ ಆರು ಕಣಿವೆದಾರಿಗಳನ್ನು ಹೆಸರಿಸಿದರು. ಗಡಿ ಎಲ್ಲಿ ಎಂದು ಮಾತ್ರ ಎಲ್ಲೂ ಬರೆಯಲಿಲ್ಲ.

ಇಡೀ ಪಠ್ಯದಲ್ಲಿ ‘ಪಂಚಶೀಲ’ ಎಂಬ ಪದವೂ ಇಲ್ಲ. ಪೀಠಿಕೆಯಲ್ಲಿ ಐದು ತತ್ವಗಳಷ್ಟೇ ಇವೆ: ಪರಸ್ಪರರ ಭೂಪ್ರದೇಶ ಮತ್ತು ಸಾರ್ವಭೌಮತೆಗೆ ಗೌರವ, ಪರಸ್ಪರ ಆಕ್ರಮಣ ಮಾಡದಿರುವುದು, ಪರಸ್ಪರರ ಆಂತರಿಕ ವಿಷಯಕ್ಕೆ ಕೈಹಾಕದಿರುವುದು, ಸಮಾನತೆ ಮತ್ತು ಪರಸ್ಪರ ಲಾಭ, ಶಾಂತಿಯ ಸಹಬಾಳ್ವೆ. ಐದರಲ್ಲಿ ನಾಲ್ಕು ‘ಪರಸ್ಪರ’ಗಳು! ‘ಸಮಾದಿಯಾಮಿ’ ಇದ್ದಲ್ಲಿ ‘ಪರಸ್ಪರ’ ಬಂದು ಕೂತಿತು. ಕೆಲವೇ ತಿಂಗಳಲ್ಲಿ ನೆಹರೂ ಇದಕ್ಕೆ ಪಂಚಶೀಲವೆಂಬ ಹೆಸರನ್ನು ರೂಢಿಗೆ ತಂದರು. ಚೀನೀಯರು ಆಗಲೂ ಈಗಲೂ ‘ಶಾಂತಿಯುತ ಸಹಬಾಳ್ವೆಯ ಐದು ತತ್ವಗಳು’ ಎಂದೇ ಹೇಳುತ್ತಾರೆ. ಅವರ ಮಾತಿನಲ್ಲಿ ಬುದ್ಧನೂ ಇಲ್ಲ, ಶೀಲವೂ ಇಲ್ಲ. ಒಂದೇ ಕಾಗದವನ್ನು ನಾವು ವ್ರತವೆಂದು ಓದಿದೆವು, ಅವರು ಕರಾರು ಎಂದು ಓದಿದರು. ಕರಾರನ್ನು ಕರಾರಿನಂತೆಯೇ ಓದುವುದು ತಪ್ಪಲ್ಲ. ನಮ್ಮ ಕಡೆಯವರು ಹಾಗೆ ಓದಿದ್ದರೆ ಗಡಿಯ ಸಾಲು ಎಲ್ಲಿ ಎಂದು ಕೇಳುತ್ತಿದ್ದರೇನೋ.

ಪದದ ಈ ಪಲ್ಲಟ ಆಗಲೇ ಒಬ್ಬರ ಕಣ್ಣಿಗೆ ಬಿದ್ದಿತ್ತು. 1954ರ ಆಗಸ್ಟ್ 26ರಂದು ರಾಜ್ಯಸಭೆಯಲ್ಲಿ ಮಾತಾಡುತ್ತ ಅಂಬೇಡ್ಕರ್, ಪಂಚಶೀಲ ಬೌದ್ಧಧರ್ಮದ ಮುಖ್ಯ ಭಾಗ ಎಂದು ನೆನಪಿಸಿ, ಮಾವೋಗೆ ಅದರಲ್ಲಿ ನಂಬಿಕೆಯಿದ್ದರೆ ತನ್ನ ದೇಶದ ಬೌದ್ಧರನ್ನು ಬೇರೆಯದೇ ರೀತಿ ನಡೆಸಿಕೊಳ್ಳುತ್ತಿದ್ದರು ಎಂಬರ್ಥದಲ್ಲಿ ಕುಟುಕಿದರು. ಎರಡು ವರ್ಷದ ನಂತರ, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಅವರು ತ್ರಿಶರಣದೊಂದಿಗೆ ಪಂಚಶೀಲವನ್ನು ಸ್ವೀಕರಿಸಿದರು. ಆಚಾರ್ಯ ಕೃಪಲಾನಿ ಇನ್ನೂ ಕಟುವಾಗಿ, ಟಿಬೆಟ್ಟಿನ ನಾಶಕ್ಕೆ ಮುದ್ರೆಯೊತ್ತಿದ ಈ ಸಿದ್ಧಾಂತ ಪಾಪದಲ್ಲೇ ಹುಟ್ಟಿದ್ದು ಎಂದರು.

ಸಹಿ ಒಣಗಿ ಮೂರು ತಿಂಗಳಾಗುವ ಮೊದಲೇ, 1954ರ ಜುಲೈಯಲ್ಲಿ, ನೀತಿ ಕಣಿವೆಯ ಹತ್ತಿರದ ಬಾರಾಹೋತಿಯಲ್ಲಿ ಭಾರತದ ಸೈನಿಕರಿದ್ದಾರೆ ಎಂದು ಚೀನಾ ತಕರಾರು ತೆಗೆದಿತ್ತು. ಒಪ್ಪಂದದ ಆಯುಸ್ಸು 8 ವರ್ಷ. ನವೀಕರಣವಾಗದೆ 1962ರ ಜೂನ್‌ನಲ್ಲಿ ಮುಗಿಯಿತು. ಅಕ್ಟೋಬರ್ 20ಕ್ಕೆ ಯುದ್ಧ. ‘ಹಿಂದಿ ಚೀನಿ ಭಾಯಿ ಭಾಯಿ’ ಎಂಬ ಘೋಷಣೆ ಅಂದಿನಿಂದ ವ್ಯಂಗ್ಯಕ್ಕಷ್ಟೇ ಉಳಿಯಿತು.

ಪದ ಮಾತ್ರ ಸಾಯಲಿಲ್ಲ. ಚೀನಾ 1982ರ ತನ್ನ ಸಂವಿಧಾನದ ಪೀಠಿಕೆಯಲ್ಲೇ ಐದು ತತ್ವಗಳನ್ನು ಬರೆದುಕೊಂಡಿತು. 1993ರ ಗಡಿ ಶಾಂತಿ ಒಪ್ಪಂದದಲ್ಲೂ ಅವು ಮರಳಿ ಬಂದವು. ದೆಹಲಿಯಲ್ಲಿ ರಾಯಭಾರ ಕಚೇರಿಗಳ ಬಡಾವಣೆಯಲ್ಲಿ ಪಂಚಶೀಲ ಮಾರ್ಗವೇ ಇದೆ. ಬಡಾವಣೆಯ ಹೆಸರು ಚಾಣಕ್ಯಪುರಿ ಎಂಬುದು ಬೇರೆ ತಮಾಷೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾದ ಚಾಣಕ್ಯನ ‘ಅರ್ಥಶಾಸ್ತ್ರ’ ತೆರೆದರೆ, ನೆರೆರಾಜ್ಯದೊಂದಿಗೆ ನಡೆಯಬೇಕಾದ ರೀತಿಗೆ ಅಲ್ಲಿ ಷಾಡ್ಗುಣ್ಯವುಂಟು: ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ. ಬೇಕಾದಾಗ ಸಂಧಿ (ಒಪ್ಪಂದ), ಬೇಕಾದಾಗ ವಿಗ್ರಹ (ಕಾಳಗ), ಎರಡನ್ನೂ ಒಟ್ಟಿಗೆ ನಡೆಸುವುದು ದ್ವೈಧೀಭಾವ. ಕಳೆದ ಎಪ್ಪತ್ತು ವರ್ಷಗಳ ಭಾರತ-ಚೀನಾ ಸಂಬಂಧಕ್ಕೆ ಈ ಕೊನೆಯ ಪದವೇ ಹೆಚ್ಚು ಒಪ್ಪುತ್ತದೆ ಎಂದು ನನಗನ್ನಿಸುತ್ತದೆ.

2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ಚೀನೀ ಸೈನಿಕರೊಂದಿಗಿನ ಘರ್ಷಣೆಯಲ್ಲಿ ಭಾರತದ 20 ಯೋಧರು ಪ್ರಾಣ ಕೊಟ್ಟರು. 2024ರ ಜೂನ್‌ನಲ್ಲಿ ಬೀಜಿಂಗ್ ಐದು ತತ್ವಗಳ ಎಪ್ಪತ್ತನೇ ವರ್ಷವನ್ನು ಸಡಗರದಿಂದ ಆಚರಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಗಡಿ ಗಸ್ತಿನ ಬಗ್ಗೆ ಎರಡೂ ದೇಶಗಳ ನಡುವೆ ಒಮ್ಮತ ಮೂಡಿತು, 2025ರ ಬೇಸಗೆಯಲ್ಲಿ ಕೈಲಾಸ-ಮಾನಸ ಸರೋವರ ಯಾತ್ರೆ ಮತ್ತೆ ಹೊರಟಿತು. ಆಗಸ್ಟ್‌ನಲ್ಲಿ ಮೂರು ದಾರಿಗಳಿಂದ ಗಡಿ ವ್ಯಾಪಾರ ಪುನರಾರಂಭಿಸಲು ಎರಡೂ ಕಡೆಯವರು ಒಪ್ಪಿದರು: ಲಿಪುಲೇಖ್, ಶಿಪ್ಕಿ, ನಾಥು ಲಾ. ಮೊದಲೆರಡು 1954ರ ಪಟ್ಟಿಯಲ್ಲಿದ್ದವೇ. ಲಿಪುಲೇಖ್ ತನ್ನದೆಂದು ನೇಪಾಳ ಕೂಡಲೇ ಆಕ್ಷೇಪಿಸಿತು. ಭಾರತ-ಚೀನಾ ಗಡಿ ಎಲ್ಲಿ ಎಂಬುದನ್ನು ಇಬ್ಬರೂ ಒಪ್ಪಿ ಬರೆದ ಕಾಗದ ಇವತ್ತಿಗೂ ಇಲ್ಲ.