ಎರಡು ಊರು, ಒಂದು ಥೀಸಿಸ್

ಮದ್ದೂರಿನ ಕಡೆಯವನು ಅಂದ ತಕ್ಷಣ ಎದುರಿಗಿದ್ದವರು ಕೇಳೋದು ವಡೆ ಬಗ್ಗೆ. ಸ್ವಲ್ಪ ಇತಿಹಾಸ ಓದಿಕೊಂಡವರಾದರೆ 1938ರ ಶಿವಪುರ ಧ್ವಜ ಸತ್ಯಾಗ್ರಹದ ಮಾತು ಬರುತ್ತೆ. ವೈದ್ಯನಾಥಪುರ ಅಂದರೆ, ಗೊತ್ತಿರುವವರು ಶಿಂಷಾ ದಡದ ವೈದ್ಯನಾಥೇಶ್ವರನ ಗುಡಿ ನೆನೆಸಿಕೊಳ್ತಾರೆ. ಅಲ್ಲಿಗೆ ಮುಗೀತು. ಆದರೆ ನಮ್ಮ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳು ಪ್ರಪಂಚದ ಎಷ್ಟೋ ಯೂನಿವರ್ಸಿಟಿಗಳ ಮಾನವಶಾಸ್ತ್ರದ ತರಗತಿಗಳಲ್ಲಿ ಪಾಠ ಆಗಿವೆ ಅನ್ನೋದು ನಮ್ಮವರಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ. ಕಾರಣ ಒಂದು ಪಿಎಚ್‌ಡಿ ಥೀಸಿಸ್. ಅದರ ಕಥೆ ಹೇಳೋಣ ಅಂತ ಕೂತೆ.

ಪಿಎಚ್‌ಡಿ ಮಾಡ್ತಿರೋ ಗೆಳೆಯರು ಇದ್ದರೆ ನಿಮಗೂ ಗೊತ್ತಿರುತ್ತೆ, ಅವರ ಬದುಕಿನಲ್ಲಿ ಮೈಲಿಗಲ್ಲುಗಳು ಬಹಳ. ಕೋರ್ಸ್‌ವರ್ಕ್ ಮುಗೀತು, ಪ್ರಪೋಸಲ್ ಒಪ್ಪಿದರು, ಮೂರನೇ ಅಧ್ಯಾಯ ಗೈಡ್ ಕೈಗೆ ಹೋಯ್ತು... ಇವೆಲ್ಲ ಅರ್ಜಿ ತುಂಬಿ ಸಹಿ ಹಾಕಿಸಿಕೊಳ್ಳೋ ಮೈಲಿಗಲ್ಲುಗಳು. ಯಾವ ಅರ್ಜಿಯಲ್ಲೂ ಕಾಲಂ ಇಲ್ಲದ ಇನ್ನೊಂದು ಇದೆ. ಹಿಡಿದು ಹೊರಟ ಪ್ರಶ್ನೆಯೇ ತಿರುಗಿ ನಿಲ್ಲೋ ಘಟ್ಟ. ಮಂಡ್ಯದ ಥೀಸಿಸ್‌ನಲ್ಲಿ ಆ ಘಟ್ಟ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು. ಅದಕ್ಕೇ ನನಗೆ ಅದು ಇಷ್ಟ.

ಬರೆದವರು ಸ್ಕಾರ್ಲೆಟ್ ಎಪ್‌ಸ್ಟೈನ್. ಹುಟ್ಟಿದ್ದು 1922ರಲ್ಲಿ, ವಿಯೆನ್ನಾದ ಯಹೂದಿ ಮನೆತನದಲ್ಲಿ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಮೇಲೆ ಹೇಗೋ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದರು. ಹೊಟ್ಟೆಪಾಡಿಗೆ ಬಟ್ಟೆ ಹೊಲಿಯುವ ಕೆಲಸ. ಓದು ಶುರುವಾಗಿದ್ದು ತಡವಾಗಿ. ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜಿನಲ್ಲಿ, ಆಮೇಲೆ ಮ್ಯಾಂಚೆಸ್ಟರಿನಲ್ಲಿ. ಮೂಲತಃ ಅರ್ಥಶಾಸ್ತ್ರದ ಹುಡುಗಿ. ಸ್ಕಾರ್ಲೆಟ್ ಅಂದರೆ ಕಡುಗೆಂಪು ತಾನೆ, ನಮ್ಮ ಕಡೆ ಹುಟ್ಟಿದ್ದರೆ ಸೀದಾ ಕೆಂಪಮ್ಮ ಅಂತ ಹೆಸರಿಡ್ತಿದ್ದರು :-)

ಮ್ಯಾಂಚೆಸ್ಟರಿನಲ್ಲಿ ಆಗ ಮಾನವಶಾಸ್ತ್ರ ವಿಭಾಗ ಕಟ್ಟಿದವರು ಮ್ಯಾಕ್ಸ್ ಗ್ಲಕ್‌ಮನ್, ದಕ್ಷಿಣ ಆಫ್ರಿಕಾದವರು. ಶಿಷ್ಯರನ್ನೆಲ್ಲ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಮ್ಯಾಚಿಗೆ ಎಳಕೊಂಡು ಹೋಗ್ತಿದ್ದ ಆಸಾಮಿ. ಇವರ ಪಂಥದವರಿಗೆ ಒಂದು ಊರು ಅರ್ಥ ಆಗಬೇಕು ಅಂದರೆ ಅಲ್ಲಿಯ ಜಗಳ ನೋಡಬೇಕು. ಊರಿನ ಕಟ್ಟುಕಟ್ಟಳೆ ಏನು ಅಂತ ಯಜಮಾನರನ್ನು ಕೇಳಿ ಬರಕೊಂಡರೆ ಚಂದದ ಉತ್ತರ ಸಿಗುತ್ತೆ. ಜಗಳ ಆದಾಗ ಯಾರು ಯಾರ ಕಡೆ ನಿಂತರು ಅಂತ ನೋಡಿದರೆ ನಿಜವಾದ ಉತ್ತರ ಸಿಗುತ್ತೆ. ಈ ಪಾಠದ ಜೊತೆಗೆ ಅರ್ಥಶಾಸ್ತ್ರದ ಲೆಕ್ಕದ ಬುದ್ಧಿಯನ್ನೂ ಇಟ್ಟುಕೊಂಡು ಎಪ್‌ಸ್ಟೈನ್ 1954ರಲ್ಲಿ ಮಂಡ್ಯಕ್ಕೆ ಬಂದರು. 1956ರವರೆಗೆ ಹಳ್ಳಿಗಳಲ್ಲೇ ಇದ್ದರು.

ಮಂಡ್ಯವೇ ಯಾಕೆ? ನೀರು. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗೀತು. ಕಟ್ಟೆಯ ಎಡಗಡೆಯಿಂದ ಹೊರಟ ನಾಲೆಗೆ ಮೊದಲು ವೈಸರಾಯ್ ಇರ್ವಿನ್ ಹೆಸರಿತ್ತು. ಆಮೇಲೆ ಅದು ವಿಶ್ವೇಶ್ವರಯ್ಯ ನಾಲೆ ಆಯ್ತು, ನಮ್ಮ ಬಾಯಲ್ಲಿ ವಿ.ಸಿ. ನಾಲೆ. ಹುಲಿಕೆರೆ ಹತ್ತಿರ ಗುಡ್ಡ ಕೊರೆದು ಸುರಂಗದಲ್ಲಿ ನೀರು ದಾಟಿಸಿದರು. ಅಲ್ಲಿಂದ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ಕಾವೇರಿ ಹರಿದಳು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಬೆನ್ನ ಹಿಂದೆ ನಿಂತವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾದ ಲೆಸ್ಲಿ ಕೋಲ್‌ಮನ್. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯ್ತು. ರಾಗಿ, ಜೋಳ, ಹುರುಳಿ ಬೆಳೆದುಕೊಂಡು ಮಳೆ ದಾರಿ ಕಾಯ್ತಿದ್ದ ಸೀಮೆ ಹದಿನೈದು ಇಪ್ಪತ್ತು ವರ್ಷದಲ್ಲಿ ಭತ್ತ, ಕಬ್ಬು, ಆಲೆಮನೆ ಅಂತ ಮೇಲೆದ್ದು ನಿಂತಿತು. ಒಂದು ಸಮಾಜಕ್ಕೆ ದಿಢೀರ್ ಅಂತ ದುಡ್ಡು ಬಂದರೆ ಏನಾಗುತ್ತೆ ಅಂತ ನೋಡೋಕೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗಬೇಕು?

ಥೀಸಿಸ್‌ನಲ್ಲಿ ಅವರು ಹಳ್ಳಿಗಳ ನಿಜವಾದ ಹೆಸರು ಬರೀಲಿಲ್ಲ. ಒಂದಕ್ಕೆ ವಂಗಲ, ಇನ್ನೊಂದಕ್ಕೆ ದಲೇನ ಅಂತ ಹೆಸರಿಟ್ಟರು. ಯಾವ ಊರು ಅಂತ ಮಂಡ್ಯದ ಕಡೆಯವರಿಗೆ ಗೊತ್ತು, ಆದರೂ ಅವರು ಮುಚ್ಚಿಟ್ಟಿದ್ದನ್ನ ನಾನು ಬಿಚ್ಚೋದು ಬೇಡ.

ವಂಗಲ ತರಿ ಊರು. ನಾಲೆ ನೀರು ಜಮೀನಿಗೆ ಬಂತು. ದಲೇನ ಖುಷ್ಕಿ ಊರು. ಅದರ ಜಮೀನು ನಾಲೆಗಿಂತ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಸುತ್ತಲ ಊರುಗಳಲ್ಲೆಲ್ಲ ಗದ್ದೆ ಹಸಿರು, ಇವರದ್ದು ಮಾತ್ರ ಅದೇ ಹೊಲ. ಈಗ ನೀವೇ ಹೇಳಿ, ಯಾವ ಊರು ಹೆಚ್ಚು ಬದಲಾಗಿರುತ್ತೆ? ಯಾರನ್ನು ಕೇಳಿದರೂ ವಂಗಲ ಅಂತಾರೆ. ನೀರು, ಕಬ್ಬು, ಕಾರ್ಖಾನೆಯ ದುಡ್ಡು ಎಲ್ಲ ಅಲ್ಲೇ ತಾನೆ ಬಂದಿದ್ದು. ನೀರು ಸಿಗದ ಊರು ಹೋಲಿಕೆಗೆ ಅಂತ ಪಕ್ಕದಲ್ಲಿಟ್ಟುಕೊಳ್ಳೋಕೆ ಅಷ್ಟೇ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಏನೂ ಬದಲಿಸದೆ ಬಿಟ್ಟ ಹಳೆ ವರ್ಷನ್.

ಆದರೆ ಲೆಕ್ಕ ಉಲ್ಟಾ ಬಂತು.

ವಂಗಲದಲ್ಲಿ ದುಡ್ಡು ಬಂದಿತ್ತು, ಅನುಮಾನವೇ ಇಲ್ಲ. ಮನೆ ಎದ್ದವು, ಮದುವೆಗಳು ಜೋರಾದವು. ಆದರೆ ರೈತ ರೈತನಾಗೇ ಉಳಿದ. ಮೊದಲು ರಾಗಿ ಬೆಳೀತಿದ್ದ, ಈಗ ಕಬ್ಬು ಬೆಳೆದ. ಗದ್ದೆಗೆ ಹೊಲಕ್ಕಿಂತ ಹೆಚ್ಚು ಕೈ ಬೇಕು. ಆ ಕೈಗಳು ಎಲ್ಲಿಂದ ಬರಬೇಕು? ಕೇರಿಯಿಂದ. ಒಕ್ಕಲಿಗರ ಮನೆಗಳಿಗೂ ಆದಿ ಕರ್ನಾಟಕರ ಮನೆಗಳಿಗೂ ತಲೆಮಾರುಗಳಿಂದ ಇದ್ದ ಸಂಬಂಧಕ್ಕೆ ನಮ್ಮ ಕಡೆ ಹಳೆಮಕ್ಕಳು ಅಂತಿದ್ದರು. ಹೆಸರು ಕೇಳೋಕೆ ಅಕ್ಕರೆಯದು. ಒಳಗಿನ ಲೆಕ್ಕ ಮಾತ್ರ ಇಷ್ಟು: ಆ ಮನೆಯವರು ಈ ಮನೆಗೇ ದುಡೀಬೇಕು, ಸುಗ್ಗಿಯಲ್ಲಿ ಇಷ್ಟು ದವಸ ಅವರಿಗೆ. ನಾಲೆ ನೀರು ಈ ಕಟ್ಟನ್ನು ಬಿಚ್ಚಲಿಲ್ಲ, ಬಿಗಿ ಮಾಡಿತು. ಊರ ಪಂಚಾಯ್ತಿ, ಯಜಮಾನಿಕೆ ಎಲ್ಲ ಹಾಗೇ ಗಟ್ಟಿಯಾಗಿ ನಿಂತಿದ್ದವು.

ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಪ್ರಸಂಗ ಒಂದು ನಾಟಕದ್ದು. ವಂಗಲದ ಕೇರಿಯವರು ನಾಟಕ ಆಡೋಕೆ ಹೊರಟರು. ನಾಟಕ ಅಂದ ಮೇಲೆ ರಾಜ ಇರಬೇಕು, ರಾಜ ಅಂದ ಮೇಲೆ ಸಿಂಹಾಸನ ಬೇಕು. ಕೇರಿಯ ಹುಡುಗ ಸಿಂಹಾಸನದ ಮೇಲೆ ಕೂತರೆ, ನೋಡೋಕೆ ಬಂದ ಒಕ್ಕಲಿಗರು ಅವನ ಮುಂದೆ ನೆಲದ ಮೇಲೆ ಕೂರಬೇಕು. ಊರಿಗೆ ಸಿಟ್ಟು ಬಂತು. ಆ ಸಿಟ್ಟು ತೀರಿಸಿಕೊಳ್ಳೋಕೆ ಮೇಲಿನವರ ಕೈಯಲ್ಲಿದ್ದ ದೊಣ್ಣೆ ಯಾವುದು ಅಂದರೆ ಕೆಲಸಕ್ಕೆ ಕರೆಯದೇ ಇರೋದು. ಒಂದು ರಾತ್ರಿಯ ಬಣ್ಣದ ಸಿಂಹಾಸನ, ಅದೂ ಸುಳ್ಳು ಸಿಂಹಾಸನ! ಕಬ್ಬಿನ ದುಡ್ಡು ಬಂದು ಹದಿನೈದು ವರ್ಷ ಆದ ಮೇಲಿನ ಮಾತು ಇದು. ಗ್ಲಕ್‌ಮನ್ ಯಾಕೆ ಜಗಳ ನೋಡಿ ಅಂತಿದ್ದರು ಅಂತ ನನಗೆ ಸರಿಯಾಗಿ ಅರ್ಥ ಆಗಿದ್ದು ಇಲ್ಲೇ. ಆದಾಯದ ಎಷ್ಟು ಕೋಷ್ಟಕ ಬರೆದರೂ ಇದು ಅದರೊಳಗೆ ಬರೋಲ್ಲ.

ಈಗ ದಲೇನ. ನೀರು ಬಾರದ ಊರಿನವರು ಸುಮ್ಮನೆ ಕೂರಲಿಲ್ಲ. ಕೈಯಲ್ಲಿ ಸ್ವಲ್ಪ ಇದ್ದವರು ಪಕ್ಕದೂರುಗಳಲ್ಲಿ ಗದ್ದೆ ಕೊಂಡರು. ಕೆಲವರು ಕಬ್ಬು ಅರೆಯುವ ಗಾಣ ಹಾಕಿದರು. ಕೆಲವರು ಎತ್ತಿನ ಗಾಡಿ ಇಟ್ಟುಕೊಂಡು ಕಾರ್ಖಾನೆಗೆ ಕಬ್ಬು ಸಾಗಿಸಿದರು. ಮಿಲ್ಲು, ವ್ಯಾಪಾರ, ಮಂಡ್ಯದಲ್ಲಿ ನೌಕರಿ... ಹೀಗೆ ಸುತ್ತಲಿನ ಊರಿನ ನೀರನ್ನು ತಮ್ಮ ಜಮೀನಿಗೆ ತರೋಕಾಗದೆ ತಾವೇ ಆ ನೀರಿನ ಕಡೆ ನಡೆದರು. ಹೊರಗೆ ಓಡಾಡುವವನಿಗೆ ಊರ ಯಜಮಾನನ ಮಾತು ಮೊದಲಿನಷ್ಟು ತೂಕದ್ದಲ್ಲ. ಮನೆಯಲ್ಲಿ ಹೊಸ ಕೂಲಿಗೆ ಕೆಲಸ ಇಲ್ಲ ಅಂದಾಗ ಹಳೆಮಕ್ಕಳ ಕಟ್ಟೂ ಸಡಿಲ. ಪಂಚಾಯ್ತಿಯಲ್ಲಿ ಹೊಸಬರ ದನಿ ಎದ್ದಿತು. ನೀರು ಬಂದ ಊರಿನ ಆರ್ಥಿಕತೆ ಬದಲಾಯ್ತು, ಸಮಾಜ ಅಷ್ಟಾಗಿ ಬದಲಾಗಲಿಲ್ಲ. ನೀರು ಬಾರದ ಊರಲ್ಲಿ ಎರಡೂ ಬದಲಾದವು.

ಥೀಸಿಸ್‌ನ ಮೈಲಿಗಲ್ಲು ಅಂತ ನಾನು ಹೇಳೋದು ಈ ಎರಡನೇ ಊರನ್ನ. ವಂಗಲ ಒಂದೇ ಇದ್ದಿದ್ದರೆ ಅದು 'ನೀರಾವರಿ ಬಂದ ಹಳ್ಳಿಯ ವರ್ಣನೆ' ಆಗಿ ಯಾವುದೋ ಲೈಬ್ರರಿಯ ಕಪಾಟಿನಲ್ಲಿ ಧೂಳು ತಿಂತಿತ್ತು. ದಲೇನ ಪಕ್ಕಕ್ಕೆ ಬಂದಾಗ 'ದುಡ್ಡು ಬಂದರೆ ಊರು ಬದಲಾಗುತ್ತಾ?' ಅನ್ನೋ ಪ್ರಶ್ನೆ ಹೋಗಿ 'ದುಡ್ಡು ಯಾವ ದಾರಿಯಲ್ಲಿ ಬಂದರೆ ಬದಲಾಗುತ್ತೆ?' ಅನ್ನೋದು ಬಂತು. ಹಳೆ ಕೆಲಸವೇ ಹೆಚ್ಚು ಲಾಭ ಕೊಟ್ಟರೆ ಹಳೆ ಸಂಬಂಧಗಳು ಉಳಿಯುತ್ತವೆ. ಹೊಸ ಕೆಲಸಗಳಿಗೆ ಜನ ಕೈ ಹಾಕಿದರೆ ಸಂಬಂಧಗಳು ಅಲ್ಲಾಡುತ್ತವೆ. ಥೀಸಿಸ್‌ನ ತಿರುಳು ಇಷ್ಟೇ. 1962ರಲ್ಲಿ ಅದು ಮ್ಯಾಂಚೆಸ್ಟರ್ ಯೂನಿವರ್ಸಿಟಿ ಪ್ರೆಸ್‌ನಿಂದ ಪುಸ್ತಕವಾಗಿ ಬಂತು, ಗ್ಲಕ್‌ಮನ್ ಮುನ್ನುಡಿಯ ಜೊತೆ.

ಎಂಜಿನಿಯರಿಂಗ್ ಓದಿದ ತಲೆ ಸುಮ್ಮನಿರಬೇಕಲ್ಲ. ಎರಡೇ ಎರಡು ಊರು! ನೀರು ಒಂದನ್ನು ಬಿಟ್ಟು ಅವೆರಡರ ಮಧ್ಯೆ ಬೇರೆ ವ್ಯತ್ಯಾಸಗಳೇ ಇರಲಿಲ್ಲವಾ? ರಸ್ತೆ, ಪೇಟೆ, ಊರಿನ ಗಾತ್ರ, ಯಜಮಾನನ ಸ್ವಭಾವ? ಇದ್ದೇ ಇರುತ್ತೆ. ಹಾಗಾಗಿ ಇದನ್ನು ಎಲ್ಲೆಡೆ ನಡೆಯೋ ನಿಯಮ ಅಂತ ನಾನು ಒಪ್ಪೋಲ್ಲ. ಆದರೆ 'ನೀರು ಕೊಟ್ಟುಬಿಟ್ಟರೆ ಮಿಕ್ಕಿದ್ದೆಲ್ಲ ತಾನೇ ಸರಿಹೋಗುತ್ತೆ' ಅನ್ನೋ ನಂಬಿಕೆ ಇದೆಯಲ್ಲ, ಅದನ್ನು ಮುರಿಯೋಕೆ ಒಂದು ಊರು ಸಾಕು. ವಂಗಲ ಸಾಕು. ಇನ್ನೊಂದು ಮಾತು, ದಲೇನದ ಬದಲಾವಣೆಯನ್ನು ಬಿಡುಗಡೆ ಅಂತ ಹೊಗಳೋಕೂ ಅವಸರ ಬೇಡ. ಸುಗ್ಗಿಯ ದವಸದ ಪದ್ಧತಿ ಬರಗಾಲದಲ್ಲಿ ಬಡವನಿಗೆ ಒಂದು ರೀತಿಯ ವಿಮೆಯಂತೆ ಇತ್ತು ಅಂತ ಮುಂದೆ ಎಪ್‌ಸ್ಟೈನ್ ಅವರೇ 1967ರ ಒಂದು ಪ್ರಬಂಧದಲ್ಲಿ ವಾದಿಸಿದರು. ಕಟ್ಟು ಬಿಚ್ಚಿದಾಗ ಆ ವಿಮೆಯೂ ಹೋಗುತ್ತೆ.

ಇಲ್ಲಿ ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸ್ ನೆನಪಾಗ್ತಾರೆ. ಅವರದ್ದು ಇನ್ನೂ ವಿಚಿತ್ರ, ಒಂದೇ ಸಾಮಗ್ರಿಯಿಂದ ಎರಡು ಥೀಸಿಸ್. ಕೊಡವರ ಬಗ್ಗೆ ಮುಂಬಯಿಯಲ್ಲಿ ಘುರ್ಯೆ ಅವರ ಕೈಕೆಳಗೆ ಎರಡು ಸಂಪುಟ, ಸುಮಾರು 900 ಪುಟ ಬರೆದು 1944ರಲ್ಲಿ ಒಪ್ಪಿಸಿದರು. ಆಮೇಲೆ ಆಕ್ಸ್‌ಫರ್ಡಿಗೆ ಹೋಗಿ, ರ‍್ಯಾಡ್‌ಕ್ಲಿಫ್ ಬ್ರೌನ್ ಹೇಳಿದಂತೆ ಅದೇ ಕೊಡಗಿನ ಟಿಪ್ಪಣಿಗಳನ್ನು ಹೊಸ ಪ್ರಶ್ನೆ ಇಟ್ಟುಕೊಂಡು ಮತ್ತೆ ಓದಿ, 1947ರಲ್ಲಿ ಎರಡನೇ ಡಾಕ್ಟರೇಟ್ ತಗೊಂಡರು. 1952ರ ಅವರ ಹೆಸರಾಂತ ಕೊಡಗಿನ ಪುಸ್ತಕ ಹುಟ್ಟಿದ್ದು ಈ ಎರಡನೇ ಓದಿನಿಂದ. 900 ಪುಟ ಬರೆದಾದ ಮೇಲೆ ಮತ್ತೆ ಮೊದಲಿಂದ ಶುರು ಮಾಡೋಕೆ ಎಂಥ ಗುಂಡಿಗೆ ಬೇಕು ನೋಡಿ!

ಈ ಇಬ್ಬರಿಗೂ 1970 ಮುಖ್ಯವಾದ ವರ್ಷ. ಆ ಏಪ್ರಿಲ್‌ನಲ್ಲಿ ಶ್ರೀನಿವಾಸ್ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಅವರ ಕೋಣೆಗೆ ಬೆಂಕಿ ಬಿತ್ತು. 1948ರಿಂದ ಕೂಡಿಟ್ಟು ಸಿದ್ಧ ಮಾಡಿದ್ದ 'ರಾಂಪುರ'ದ ಟಿಪ್ಪಣಿಗಳು, ಮೂರು ಪ್ರತಿಗಳೂ ಒಂದೇ ಕಡೆ ಇದ್ದು, ಸುಟ್ಟವು. (ಬ್ಯಾಕಪ್ ಎಲ್ಲಾ ಒಂದೇ ಕಡೆ ಇಡಬಾರದು ಅಂತ ನಾವು ದಿನಾ ಹೇಳೋದು ಸುಮ್ಮನೆ ಅಲ್ಲ.) ಕೊನೆಗೆ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಅದೇ 1970ರಲ್ಲಿ ಎಪ್‌ಸ್ಟೈನ್ ಮತ್ತೆ ಮಂಡ್ಯಕ್ಕೆ ಬಂದರು, ತಮ್ಮ ಥೀಸಿಸ್ ಹೇಳಿದ್ದು ನಿಂತಿದೆಯಾ ಬಿದ್ದಿದೆಯಾ ಅಂತ ನೋಡೋಕೆ.

ಥೀಸಿಸ್ ಒಪ್ಪಿಸಿದ ಮೇಲೆ ಅದರ ಮುಖ ನೋಡದವರೇ ಹೆಚ್ಚು. ಇವರು ಹದಿನೈದು ವರ್ಷ ಆದ ಮೇಲೆ ಅದೇ ಮನೆಗಳ ಬಾಗಿಲು ತಟ್ಟಿದರು. 1973ರಲ್ಲಿ ಎರಡನೇ ಪುಸ್ತಕ. ಎರಡೂ ಊರುಗಳಲ್ಲಿ ಉಳ್ಳವರಿಗೂ ಇಲ್ಲದವರಿಗೂ ನಡುವಿನ ಅಂತರ ಹೆಚ್ಚಾಗಿತ್ತು. ಇನ್ನೊಂದು ಬದಲಾವಣೆ ನಮಗೆಲ್ಲ ಮನೆಯೊಳಗಿನದು. ಮೊದಲು ಗಂಡಿನ ಕಡೆಯವರು ಹೆಣ್ಣಿಗೆ ತೆರ ಕೊಟ್ಟು ಮದುವೆ ಆಗ್ತಿದ್ದರು. 1970ರ ಹೊತ್ತಿಗೆ ಆ ಜಾಗಕ್ಕೆ ವರದಕ್ಷಿಣೆ ಬರ್ತಿತ್ತು. ದುಡ್ಡು ಹರಿಯುವ ದಿಕ್ಕೇ ಒಂದು ತಲೆಮಾರಿನೊಳಗೆ ತಿರುಗಿತ್ತು. ನಮ್ಮಜ್ಜಿಯರ ಕಾಲದಲ್ಲಿ ತೆರ ಇತ್ತಂತೆ ಅಂತ ಕೇಳಿದ್ದವರು ಇದನ್ನು ಪುಸ್ತಕದಲ್ಲಿ ಓದಿದರೆ ಬೇರೆಯದೇ ಥರ ನಾಟುತ್ತೆ.

ಅವರು ಮೂರನೇ ಸಲವೂ ಬರೆದರು, 1998ರಲ್ಲಿ, ನಲವತ್ತು ವರ್ಷದ ಕಥೆ. ಆ ಪುಸ್ತಕದ ಮೇಲೆ ಅವರ ಹೆಸರೊಂದೇ ಇಲ್ಲ, ಎ. ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡ ಅಂತ ಇನ್ನೆರಡು ಕನ್ನಡದ ಹೆಸರುಗಳಿವೆ. ಎಪ್‌ಸ್ಟೈನ್ 2014ರಲ್ಲಿ ತೀರಿಕೊಂಡರು.

ಇನ್ನೂ ಪುಸ್ತಕ ನೋಡದವರು 1962ರದ್ದರಿಂದ ಶುರು ಮಾಡಿ, ಅಂಕಿಅಂಶದ ಕೋಷ್ಟಕಗಳಿಗೆ ಹೆದರಬೇಡಿ, ನಾಟಕದ ಪ್ರಸಂಗ ಹುಡುಕಿ ಓದಿ. ಹಾಗೇ, ನಿಮ್ಮೂರಿನ ಮೇಲೂ ಯಾರಾದರೂ ಹೀಗೆ ಹೆಸರು ಬದಲಿಸಿ ಥೀಸಿಸ್ ಬರೆದಿದ್ದರೆ ದಯವಿಟ್ಟು ತಿಳಿಸಿ. ಶಿಂಷಾ ಪಕ್ಕದ ನಮ್ಮೂರನ್ನು ಯಾವ ಹೆಸರಿನಲ್ಲಾದರೂ ಯಾರಾದರೂ ಅಡಗಿಸಿಟ್ಟಿದ್ದಾರಾ ಅಂತ ನಾನೂ ಹುಡುಕ್ತಾ ಇದ್ದೀನಿ.